ತೂತಿಲ್ಲದ ಕುಂಬಳಕಾಯಿ

ಮೊದಲೇ ಹೇಳಿಬಿಡುತ್ತೇನೆ, ನಾನು ಕೆಟ್ಟವಳಲ್ಲ. ಇಪ್ಪತ್ತೆರಡು ವರ್ಷ ಈ ಕಣಿವೆಯ ಮಕ್ಕಳನ್ನು ಸ್ಕೂಲ್ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಒಂದನ್ನೂ ಕಳೆಯದೆ ವಾಪಸ್ ತಂದವಳು. ಈಗ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಆ ಮಕ್ಕಳ ಮಕ್ಕಳಿಗೆ ಕದಿಯಬಾರದು, ಸುಳ್ಳು ಹೇಳಬಾರದು ಎಂದು ಪಾಠ ಮಾಡುವವಳು. ಹೆಸರು ವರ್ನಾ ಜೌಡ್ರಿ, ವಯಸ್ಸು ಅರವತ್ತೇಳು. ಸಿಟ್ಟು ಸ್ವಲ್ಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಉಳಿದದ್ದಕ್ಕೆಲ್ಲ ಹೇಜನ್ ಕಾರ್ಕಮ್ ಕಾರಣ.

ಹೇಜನ್ ನನ್ನ ಬೇಲಿಯಾಚೆಯವನು. ನಮ್ಮ ಟ್ಯಾನರ್ಸ್ ಹಾಲೋ ಕಣಿವೆಯ ಕುಂಬಳಕಾಯಿ ಸ್ಪರ್ಧೆಯನ್ನು ಎಂಟು ವರ್ಷದಿಂದ ಒಂದೇ ಸಮನೆ ಗೆಲ್ಲುತ್ತಿದ್ದವನು. ಕುಂಬಳಕಾಯಿ ಎಂದರೆ ಸಾರಿಗೆ ಹೆಚ್ಚಿ ಹಾಕುವ ಕಾಯಿ ಎಂದುಕೊಳ್ಳಬೇಡಿ. ನಾವು ಬೆಳೆಯುವುದು ಒಂದೊಂದೂ ಹಸುವಿನಷ್ಟು ತೂಗುತ್ತದೆ, ಎತ್ತುವುದಕ್ಕೆ ಸರಪಳಿ, ರಾಟೆ ಬೇಕು. ಆಗಸ್ಟಿನಲ್ಲಿ ಅದು ಬೆಳೆಯುವ ಭರಕ್ಕೆ ರಾತ್ರಿ ಒಂದು ಅಳತೆ, ಬೆಳಿಗ್ಗೆ ಇನ್ನೊಂದು. ಬಿಸಿಲು ತಾಗದಂತೆ ಹಳೆಯ ಬೆಡ್‌ಶೀಟು, ಚಳಿ ತಾಗದಂತೆ ಕಂಬಳಿ. ನನ್ನ ಗಂಡ ಎಲ್ಡನ್ನನಿಗೆ ನಾನು ಅಷ್ಟು ಆರೈಕೆ ಮಾಡಿದ್ದರೆ ಅವನು ಇನ್ನೂ ಬದುಕಿರುತ್ತಿದ್ದನೇನೋ.

ಗೆದ್ದವರಿಗೆ ಸಿಗುವುದು ಹೆಸರು. ಗೆದ್ದ ಕಾಯನ್ನು ಅಲ್ಲೇ ಎಲ್ಲರೆದುರು ಮೇಲಿನಿಂದ ಮುಚ್ಚಳದ ಹಾಗೆ ಕೊಯ್ದು, ಬೀಜ ತೆಗೆದು ಬೆಳೆಗಾರರಿಗೆಲ್ಲ ಹಂಚುವುದು ನಮ್ಮಲ್ಲಿನ ಪದ್ಧತಿ. ಬೀಜಕ್ಕೆ ಬೆಳೆದವರ ಮನೆತನದ ಹೆಸರೇ ಹೆಸರು. ಎಂಟು ವರ್ಷದಿಂದ ಇಡೀ ಕಣಿವೆ ಬಿತ್ತುತ್ತಿದ್ದದ್ದು 'ಕಾರ್ಕಮ್'. ನನ್ನ ಹಿತ್ತಲಲ್ಲಿ, ನಾನು ಹೊತ್ತು ಹಾಕಿದ ಗೊಬ್ಬರ ತಿಂದು, ನನ್ನ ಸೊಂಟ ಮುರಿದು ಬೆಳೆದ ಕಾಯಿಗೂ ಕಾರ್ಕಮ್ ಅಂತಲೇ ಹೆಸರು. ಹೇಜನ್ ದಿನಾ ಬೇಲಿಯ ಮೇಲೆ ಮೊಣಕೈ ಊರಿ, "ನಮ್ಮ ಕಾರ್ಕಮ್ ನಿನ್ನ ಮನೇಲಿ ಹೇಗಿದಾನೆ, ಡಿಯರ್? ಚೆನ್ನಾಗಿ ನೋಡ್ಕೊಳ್ತಿದೀಯ ತಾನೆ?" ಎಂದು ಕೇಳುತ್ತಿದ್ದ. ಮಗಳನ್ನು ಕೊಟ್ಟ ಮಾವ ಕೂಡ ಹಾಗೆ ವಿಚಾರಿಸುವುದಿಲ್ಲ.

ಎಲ್ಡನ್ ಹೋಗಿ ಹನ್ನೊಂದು ವರ್ಷ. ನಮಗೆ ಮಕ್ಕಳಿಲ್ಲ. ಜೌಡ್ರಿ ಅನ್ನುವ ಹೆಸರು ಈ ಕಣಿವೆಯಲ್ಲಿ ನನ್ನ ಜೊತೆಗೇ ಮುಗಿಯುತ್ತದೆ. ಒಂದೇ ಒಂದು ವಸಂತದಲ್ಲಿ ಎಲ್ಲರ ಹೊಲದಲ್ಲೂ ಜೌಡ್ರಿ ಮೊಳೆಯಬೇಕು ಎಂಬುದೊಂದೇ ನನ್ನ ಆಸೆ. ಈ ವರ್ಷ ನನ್ನ ಕಾಯಿ ಹೇಜನ್ನನದಕ್ಕಿಂತ ದೊಡ್ಡದಾಗಿತ್ತು. ಅವನು ಬೇಲಿಯ ಹತ್ತಿರ ಬರುವುದು ಕಡಿಮೆಯಾದದ್ದರಿಂದಲೇ ನನಗೆ ಅದು ಖಾತ್ರಿಯಾಗಿತ್ತು.

ಶನಿವಾರ ತೂಕ. ಮಂಗಳವಾರ ಬೆಳಿಗ್ಗೆ ಕಾಯಿಯ ಅಡಿಯ ಮರಳು ಸರಿಸುತ್ತಿದ್ದೆ, ಬೆರಳು ಒಳಕ್ಕೆ ಹೋಯಿತು. ನೆಲಕ್ಕೆ ಮುಖ ಹಚ್ಚಿ ನೋಡಿದೆ. ಎರಡು ಬೆರಳು ಹೋಗುವಷ್ಟು ದುಂಡನೆಯ ತೂತು, ಅಂಚು ಕಡಿದ ಹಾಗೆ. ಒಂದು ಕಡ್ಡಿ ತೂರಿಸಿದೆ, ತಡೆಯೇ ಇಲ್ಲದೆ ಒಳಗಿನ ಪೊಳ್ಳಿಗೆ ಹೋಯಿತು. ನಾನು ಮರಳಿನ ಮೇಲೆ ಎದ್ದು ಕೂತೆ.

ನಿಯಮ ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು. ಪೊಳ್ಳಿನವರೆಗೆ ಹೋದ ತೂತಿದ್ದರೆ ಕಾಯಿ ಸ್ಪರ್ಧೆಯಿಂದ ಹೊರಗೆ. ಅದನ್ನು ಪರೀಕ್ಷೆ ಮಾಡುವವನು ಲವೆಟ್ ಮಾಸ್‌ಮನ್. ದೋಣಿ ಕಟ್ಟುತ್ತಿದ್ದವನು, ಈಗ ಎಪ್ಪತ್ತೊಂದು. ಕಾಯಿ ಸರಪಳಿಯಲ್ಲಿ ತೂಗುತ್ತಿರುವಾಗ ಅದರಡಿ ರಟ್ಟು ಹಾಸಿಕೊಂಡು ಅಂಗಾತ ಮಲಗಿ, ಟಾರ್ಚು ಬಿಟ್ಟು, ಹೆಣಿಗೆ ಕಡ್ಡಿಯಿಂದ ಇಂಚಿಂಚೂ ತಡಕುತ್ತಾನೆ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಒಮ್ಮೆ ಸ್ವಂತ ತಮ್ಮನ ಕಾಯನ್ನೇ ಬಟಾಣಿಯಷ್ಟು ತೂತಿಗೆ ಹೊರಗೆ ಹಾಕಿಸಿದ. ಲವೆಟ್ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಊರಿನಲ್ಲಿ ಅದರ ಮೇಲೆ ಮಾತಿಲ್ಲ.

ಅವನು ಎಲ್ಡನ್ನನ ಗೆಳೆಯ, ಆಮೇಲೆ ನನ್ನವನು. ಹಿಮ ಬಿದ್ದರೆ ನನ್ನ ಬಾಗಿಲ ಮುಂದೆ ಮೊದಲು ಕೇಳಿಸುವುದು ಅವನ ಸಲಿಕೆಯ ಸದ್ದು. ಅವನಿಗೆ ಫೋನ್ ಮಾಡಿ ಹೇಳಿಬಿಡೋಣ ಎಂದು ಎದ್ದೆ. ಖಂಡಿತ ಎದ್ದೆ, ಫೋನಿನವರೆಗೂ ಹೋದೆ. ಅಲ್ಲಿಯವರೆಗೆ ಬಂದಿದ್ದೇನಲ್ಲ, ಒಂದು ಲೋಟ ಚಹಾ ಕುಡಿದೇ ಮಾತಾಡೋಣ ಎಂದುಕೊಂಡೆ. ತಪ್ಪಾದದ್ದು ಅಲ್ಲಿ.

ಚಹಾ ಕುಡಿಯುತ್ತ ಯೋಚಿಸಿದೆ. ತೂತು ನಾನು ಮಾಡಿದ್ದಲ್ಲ. ಆ ನಿಯಮ ಬರೆದದ್ದು ಕೊಳೆತ ಕಾಯಿ ತರಬಾರದು ಎಂದು, ನನ್ನದು ಕೊಳೆತಿಲ್ಲ. ಹೇಜನ್ ಮಣ್ಣಿನಡಿ ಬಿಸಿನೀರಿನ ಪೈಪು ಹಾಕಿಸಿ ಬೆಳೆಯುತ್ತಾನೆ, ಅದನ್ನು ಯಾರೂ ಮೋಸ ಅನ್ನುವುದಿಲ್ಲ. ಹಲ್ಲಿನಲ್ಲಿ ತೂತಾದರೆ ಡಾಕ್ಟರು ತುಂಬುವುದಿಲ್ಲವೆ? ತುಂಬಿಸಿಕೊಂಡವರನ್ನು ಯಾರಾದರೂ ಕಳ್ಳರು ಅನ್ನುತ್ತಾರೆಯೇ? ಲೋಟದ ಅರ್ಧಕ್ಕೆ ಬರುವ ಹೊತ್ತಿಗೆ ತೂತು ಮುಚ್ಚುವುದು ತಪ್ಪಲ್ಲ ಎನ್ನಿಸಿತ್ತು. ಲೋಟ ಖಾಲಿಯಾಗುವ ಹೊತ್ತಿಗೆ ಮುಚ್ಚದೇ ಇರುವುದೇ ತಪ್ಪು, ಪಾಪ ಎಲ್ಡನ್ನನಿಗೆ ಮಾಡುವ ದ್ರೋಹ ಎನ್ನಿಸಿತು. ಒಂದು ಲೋಟ ಚಹಾಕ್ಕೆ ಅಷ್ಟು ಶಕ್ತಿಯಿದೆ.

ಬುಧವಾರ ಬೆಳಿಗ್ಗೆ ಮಂಜು ದಟ್ಟವಾಗಿತ್ತು, ಹೇಜನ್ನನ ಮನೆ ಕಾಣುತ್ತಿರಲಿಲ್ಲ. ಬಿಸಾಡಿದ ಒಂದು ಕಾಯಿಂದ ಬೆಣೆ ಕೆತ್ತಿದೆ. ಬಾಟಲಿ ಬಿರಡೆಯ ಹಾಗೆ ಬಿಗಿಯಾಗಿ ಕೂತಿತು. ಸುತ್ತಲಿನ ಸಂದಿಗೆ ಮೇಣದಬತ್ತಿ ಕರಗಿಸಿ ಹೊಯ್ದೆ. ಬಣ್ಣ ಬೇಕಲ್ಲ, ಅದಕ್ಕೆ ಚರ್ಚಿನ ಮಕ್ಕಳ ಪೆಟ್ಟಿಗೆಯಿಂದ ಕಿತ್ತಳೆ ಕ್ರೆಯಾನ್ ತಂದಿದ್ದೆ. ಪೆಟ್ಟಿಗೆಯಲ್ಲಿ ಕಿತ್ತಳೆ ಇದ್ದದ್ದು ಅದೊಂದೇ. ಮುಂದಿನ ಭಾನುವಾರ ನೋಹನ ಹಡಗಿನ ಹುಲಿಗೆ ಮಕ್ಕಳು ಹಳದಿ ಬಳಿದುಕೊಳ್ಳಲಿ ಎಂದು ನಿರ್ಧರಿಸಿದೆ. ಮೇಲೆ ಸ್ವಲ್ಪ ಮಣ್ಣು ಉಜ್ಜಿ ಮತ್ತೆ ನೆಲಕ್ಕೆ ಮುಖ ಹಚ್ಚಿ ನೋಡಿದರೆ, ತೂತು ಎಲ್ಲಿತ್ತೆಂದು ನನಗೇ ಗೊತ್ತಾಗಲಿಲ್ಲ. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಶನಿವಾರ ಊರಿನ ಅಗ್ನಿಶಾಮಕ ಠಾಣೆಯಾದ ಫೈರ್ ಹಾಲಿನ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಹುಲ್ಲಿನ ಪಿಂಡಿಗಳ ಮೇಲೆ ಕಾಯಿಗಳನ್ನು ಸಾಲಾಗಿ ಕೂರಿಸಿದ್ದರು. ನನ್ನ ಕಾಯನ್ನು ಸರಪಳಿಯಲ್ಲಿ ಎತ್ತಿದರು. ಲವೆಟ್ ರಟ್ಟು ಹಾಸಿ, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತು, ಆಮೇಲೆ ಮಲಗಿ ಒಳಗೆ ಜರುಗಿದ. ಅವನ ಬೂಟು ಮಾತ್ರ ಹೊರಗಿತ್ತು. ಬೂಟು ಒಂದು ಸುತ್ತು ಬಂತು, ಎರಡನೆಯ ಸುತ್ತಿನಲ್ಲಿ ನಿಂತುಬಿಟ್ಟಿತು. ಎಲ್ಲಿ ನಿಲ್ಲಬಾರದೋ ಅಲ್ಲೇ ನಿಂತಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ, ಬೂಟು ಅಲ್ಲಾಡಲಿಲ್ಲ. ಕೊನೆಗೆ ಅವನು ಹೊರಗೆ ಬಂದು, ಬೆನ್ನಿನ ಹುಲ್ಲು ಕೊಡವಿಕೊಂಡು, ನನ್ನ ಮುಖ ನೋಡದೆ "ತೂತಿಲ್ಲ" ಎಂದು ಲೆಕ್ಕ ಬರೆಯುವವರಿಗೆ ಹೇಳಿದ.

ಮುದುಕನ ಕಣ್ಣು ಮಂಜಾಗಿದೆ ಎಂದು ಒಳಗೊಳಗೇ ಕುಣಿದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಹೇಜನ್ನನದು ಸಾವಿರದ ಮುನ್ನೂರ ಎಂಬತ್ತು ಪೌಂಡ್. ನನ್ನದು ಸಾವಿರದ ಮುನ್ನೂರ ತೊಂಬತ್ತೊಂದು. ಅವನು ನೇರವಾಗಿ ಬಂದು ನನ್ನ ಕೈ ಹಿಡಿದು ಕುಲುಕಿ, ಮುಂದಿನ ವರ್ಷ ತನ್ನ ತೋಟದಲ್ಲೂ ಜೌಡ್ರಿಯೇ ಎಂದ. ಆ ಮಾತನ್ನು ಅವನ ಬಾಯಿಂದ ಕೇಳುವುದಕ್ಕೆ ಎಂಟು ವರ್ಷ ಕಾದಿದ್ದೆ. ಕಣ್ಣಲ್ಲಿ ನೀರು ಬಂತು, ಅದು ನಿಜವಾದ ನೀರು.

ಪತ್ರಿಕೆಯ ಹುಡುಗಿ ಫೋಟೋಕ್ಕೆ ಕಾಯನ್ನು ತಬ್ಬಿಕೊಳ್ಳಿ ಎಂದಳು. ತಬ್ಬಿಕೊಂಡು ಕೆನ್ನೆ ಇಟ್ಟೆ. ಒಳಗಿನಿಂದ ಕರ್ ಕರ್ ಎಂದಿತು.

ಮೊದಲು ನನ್ನ ಕಿವಿಯ ಮೇಲೆ ಅನುಮಾನಪಟ್ಟೆ. ಮತ್ತೆ ಕರ್ ಕರ್, ಆಮೇಲೆ ಪುಟಪುಟ ಓಡಿದ ಸದ್ದು. ಆ ತೂತನ್ನು ಕೊರೆದವರು ಯಾರು ಎಂಬ ಪ್ರಶ್ನೆ ನಾಲ್ಕು ದಿನದಲ್ಲಿ ನನಗೆ ಒಮ್ಮೆಯೂ ಬಂದಿರಲಿಲ್ಲ. ಮುಚ್ಚುವ ಆತುರದಲ್ಲಿ, ಮನೆಯವರು ಒಳಗಿರುವಾಗಲೇ ಬಾಗಿಲು ಹಾಕಿಬಿಟ್ಟಿದ್ದೆ. ಒಳಗೆ ಒಂದು ಇಲಿ ನಾಲ್ಕು ದಿನದಿಂದ ನನ್ನ ಬೀಜ ತಿಂದುಕೊಂಡು ಸುಖವಾಗಿತ್ತು. ಬಹುಶಃ ಆ ಹನ್ನೊಂದು ಪೌಂಡಿನಲ್ಲಿ ಅದರ ಪಾಲೂ ಇತ್ತು.

ಅಷ್ಟರಲ್ಲಿ ಲವೆಟ್ ಗರಗಸ ಹಿಡಿದು ಬರುತ್ತಿದ್ದ. ಮುಚ್ಚಳ ಕೊಯ್ಯುವುದೂ, ಮೊದಲ ಹಿಡಿ ಬೀಜ ತೆಗೆಯುವುದೂ ಪರೀಕ್ಷಕನ ಹಕ್ಕು. ಇನ್ನೈದು ನಿಮಿಷದಲ್ಲಿ ಇಲಿ ಹೊರಗೆ ಬರುತ್ತದೆ, ಎಲ್ಲರೂ ಬೆಣೆ ಹುಡುಕುತ್ತಾರೆ. ನನ್ನ ಮಾನ ಹೋಗುತ್ತದೆ ಎಂಬುದು ಮೊದಲು ಹೊಳೆದದ್ದು. ಲವೆಟ್‌ನನ್ನು ಕುರುಡ ಅನ್ನುತ್ತಾರೆ ಅಥವಾ ವರ್ನಾ ಅವನನ್ನು ಕೊಂಡುಕೊಂಡಿದ್ದಾಳೆ ಅನ್ನುತ್ತಾರೆ ಎಂಬುದು ಹೊಳೆದದ್ದು ಎರಡನೆಯದಾಗಿ. ಇಲಿ ಹೇಳುವ ಮೊದಲು ನಾನೇ ಹೇಳಿಬಿಟ್ಟರೆ ಮರ್ಯಾದೆ ಒಂದಿಷ್ಟಾದರೂ ಉಳಿದೀತು.

"ಸ್ವಲ್ಪ ನಿಲ್ಸಿ," ಎಂದು ಕೂಗಿದೆ. "ಕೆಳಗಡೆ ಒಂದು ತೂತು ಇರಬಹುದು ಅಂತ ನಂಗೆ ಅನುಮಾನ. ಇನ್ನೊಂದ್ಸಲ ನೋಡಿಬಿಡಿ."

ನೋಡಿದಿರಾ, ಒಪ್ಪಿಕೊಳ್ಳುವಾಗಲೂ 'ಇರಬಹುದು' ಎಂದೆ, 'ಅನುಮಾನ' ಎಂದೆ. ಬೆಣೆ, ಮೇಣ, ಕ್ರೆಯಾನ್ ಯಾವುದೂ ಬಾಯಿಗೆ ಬರಲಿಲ್ಲ.

ಲವೆಟ್ ಗರಗಸ ಕೆಳಗಿಟ್ಟು ನನ್ನನ್ನೇ ನೋಡಿದ. ಅವನು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಎಲ್ಡನ್ನನನ್ನು ಮಣ್ಣು ಮಾಡಿದ ದಿನ ಮಾತ್ರ. ಆಮೇಲೆ ಇಡೀ ಅಂಗಳಕ್ಕೆ ಕೇಳುವ ಹಾಗೆ, "ನಾನು ನೋಡಿದೀನಿ, ವರ್ನಾ. ತೂತಿಲ್ಲ" ಎಂದ.

ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಗೆದ್ದ ಮೇಲೂ ಇನ್ನೊಮ್ಮೆ ನೋಡಿ ಅನ್ನುವ ಹೆಂಗಸು ಎಂದು ಒಬ್ಬರಿಗೊಬ್ಬರು ಹೇಳಿಕೊಂಡದ್ದು ನನಗೆ ಕೇಳಿಸಿತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಗರಗಸ ಸುತ್ತು ಬಂತು. ಇಬ್ಬರು ಮುಚ್ಚಳ ಎತ್ತಿದರು. ಎತ್ತಿದ್ದೇ ತಡ, ಇಲಿ ಚಂಗನೆ ಹಾರಿ ಹೇಜನ್ನನ ಎದೆಯ ಮೇಲೆ ಬಿದ್ದು, ಅಲ್ಲಿಂದ ಪ್ಯಾಂಟಿನ ಗುಂಟ ಇಳಿದು, ಬೂಟು ದಾಟಿ ಹುಲ್ಲಿನ ಪಿಂಡಿಯೊಳಗೆ ನುಗ್ಗಿತು. ಆರಡಿ ಎತ್ತರದ ಹೇಜನ್ ನಾಲ್ಕು ವರ್ಷದ ಹುಡುಗಿಯ ಹಾಗೆ ಕಿರುಚಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕಣ್ಣು ಮುಚ್ಚಿ, ಇನ್ನು ಮುಗಿಯಿತು ಎಂದು ನಿಂತೆ.

"ಹುಲ್ಲಿಂದ ಬಂತು," ಎಂದ ಲವೆಟ್, ತಲೆಯೆತ್ತದೆ.

ಹುಲ್ಲಿನ ಪಿಂಡಿ ಎಂದ ಮೇಲೆ ಇಲಿ ಇರದೆ ಇನ್ನೇನು ಎಂದು ಎಲ್ಲರೂ ತಲೆಯಾಡಿಸಿದರು. ಕಾಯಿಂದ ಹಾರಿದ್ದನ್ನು ಕಣ್ಣಾರೆ ಕಂಡವರು ಇಪ್ಪತ್ತು ಜನವಾದರೂ ಇದ್ದರು. ಹೇಜನ್ನನಂತೂ ಎದೆಯ ಮೇಲೆ ಹೊತ್ತಿದ್ದ. ಅವನೂ, "ಹೌದೌದು, ಕೆಳಗಿಂದ ಹತ್ತಿತು" ಎಂದ. ತಮ್ಮ ಕಣ್ಣಿಗಿಂತ ಲವೆಟ್‌ನ ಮಾತಿನ ಮೇಲೆ ಅವರಿಗೆ ನಂಬಿಕೆ ಹೆಚ್ಚು. ಹತ್ತೊಂಬತ್ತು ವರ್ಷದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದಲ್ಲ, ಎರಡನೆಯದು. ಮೊದಲನೆಯದನ್ನು ಅವತ್ತೇ ಬೆಳಿಗ್ಗೆಯಿಂದ ಎರಡು ಸಲ ಹೇಳಿದ್ದ. ಮೊದಲ ಹಿಡಿ ಬೀಜ ತೆಗೆದು ಅವನು ತನ್ನ ಜೇಬಿಗೆ ಹಾಕಿಕೊಂಡ, ಎರಡನೆಯ ಹಿಡಿಯಿಂದ ಹಂಚತೊಡಗಿದ.

ಹಂಚಿ ಮುಗಿದ ಮೇಲೆ ಫೈರ್ ಹಾಲಿನ ಹಿಂದೆ ಅವನ ಟ್ರಕ್ಕಿನ ಹತ್ತಿರ ಹೋದೆ. ಬಾಗಿಲು ತೆರೆದುಕೊಂಡು ಸೀಟಿನ ಅಂಚಿಗೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಜೇಬಿನಿಂದ ಆ ಹಿಡಿ ಬೀಜ ತೆಗೆದು ಅಂಗೈ ಬಿಚ್ಚಿದ. ಅರ್ಧರ್ಧ ಕಡಿದ ಸಿಪ್ಪೆಗಳು.

"ಕ್ರೆಯಾನ್ ವಾಸನೆ ಗೊತ್ತಾಗದಷ್ಟು ಮುದುಕ ಆಗಿಲ್ಲ ಕಣೇ ನಾನು," ಎಂದ.

ಗೊತ್ತಿದ್ದೂ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಅವನು ಸಿಪ್ಪೆಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡ.

"ಹತ್ತೊಂಬತ್ತು ವರ್ಷ ಎಲ್ಲರಿಗೂ ಆಗಲ್ಲ, ಇಲ್ಲ ಅಂದೆ. ನಿಂಗೊಬ್ಬಳಿಗೆ ಹೂಂ ಅಂದ್ಬಿಡೋಣ ಅನ್ನಿಸ್ತು. ಅಡೀಲಿ ಮಲ್ಕೊಂಡಿದ್ದಾಗ ಅದೇನೋ ದೊಡ್ಡ ಉಪಕಾರ ಅಂತ ಕಂಡಿತ್ತು. ಎದ್ದು ನಿಂತ್ಮೇಲೆ ಹಾಗೆ ಕಾಣಲಿಲ್ಲ."

ಮುಂದಿನದನ್ನು ಅವನು ಯೋಚಿಸಿಟ್ಟಿದ್ದ. ಈಗ ನಿಜ ಹೇಳಿದರೆ ಹತ್ತೊಂಬತ್ತು ವರ್ಷ ಅವನು ಹೊರಗೆ ಹಾಕಿದ ಒಂದೊಂದು ಕಾಯಿಗೂ ಜನ ಬಂದು ಲೆಕ್ಕ ಕೇಳುತ್ತಾರೆ, ತಮ್ಮನೂ ಕೇಳುತ್ತಾನೆ, ಅದನ್ನು ತಾನು ತಡೆಯಲಾರೆ ಎಂದ. ಆದ್ದರಿಂದ ಮೊಣಕಾಲಿನ ನೆಪ ಹೇಳಿ ಸಂಜೆ ಊಟದ ಹೊತ್ತಿಗೆ ಪರೀಕ್ಷಕನ ಕೆಲಸ ಬಿಡುವುದು. ನಾನೂ ಕುಂಬಳಕಾಯಿಯ ತಂಟೆಗೆ ಇನ್ನು ಹೋಗಬಾರದು, ಬೆಳೆಯುವುದೂ ಬೇಡ, ಏನೂ ಬೇಡ. ಜೌಡ್ರಿ ಬೀಜ ಹೊಲದಲ್ಲಿ ಇರುವಷ್ಟು ದಿನ ಇರಲಿ.

"ಇನ್ನೊಬ್ಬರ ಕಾಯಿಗೆ ಇಲ್ಲ ಅನ್ನೋ ಬಾಯಿ ನಂಗೆ ಉಳಿದಿಲ್ಲ, ವರ್ನಾ. ನಿಂಗೂ ಇಲ್ಲ. ಆದ್ರೆ ಗರಗಸ ತರುವಾಗ ನಿಲ್ಸಿ ಅಂತ ಕೂಗಿದೆಯಲ್ಲ, ಅದೊಂದು ಸಮಾಧಾನ ನಂಗೆ. ನೀನು ಪೂರ್ತಿ ಹಾಳಾಗಿಲ್ಲ."

ಇಲಿಯ ಸದ್ದು ಕೇಳಿ ಹೆದರಿ ಕೂಗಿದೆ ಎಂದು ಆಗ ಹೇಳಬೇಕಿತ್ತು. ಹೇಳಲಿಲ್ಲ. ಅವನಿಗೆ ಉಳಿದಿದ್ದ ಒಂದೇ ಸಮಾಧಾನ, ಅದನ್ನೂ ಯಾಕೆ ಕಿತ್ತುಕೊಳ್ಳಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅವನ ಕೈ ಹಿಡಿದು, ಆಗಲಿ, ಇಂದಿಗೆ ಮುಗಿಯಿತು, ಇನ್ನು ಈ ಸ್ಪರ್ಧೆಯ ಕಡೆ ತಲೆ ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಕೊಡುವಾಗ ಅತ್ತೆ ಕೂಡ. ಮನಸ್ಸು ತೊಳೆದ ಹಾಗೆ ಹಗುರವಾಯಿತು.

ಸಂಜೆ ಆರಕ್ಕೆ ಫೈರ್ ಹಾಲಿನಲ್ಲಿ ಊಟ. ಬೇಯಿಸಿದ ಬೀನ್ಸು, ಸಾಸೇಜು, ಹುಳಿ ಎಲೆಕೋಸು, ಎಂದಿನ ಹಾಗೆ. ಲವೆಟ್ ನನ್ನೆದುರು ಕೂತಿದ್ದ. ತಟ್ಟೆ ಮುಟ್ಟುವ ಮೊದಲೇ ಎದ್ದು, ಮೊಣಕಾಲು ಕೈಕೊಟ್ಟಿದೆ, ಇದೇ ಕೊನೆಯ ವರ್ಷ ಎಂದು ಎರಡು ಮಾತಿನಲ್ಲಿ ಹೇಳಿ ಕೂತ. ಇಂಥ ಮನುಷ್ಯ ಇನ್ನೆಲ್ಲಿ ಸಿಕ್ಕಾನು ಎಂದು ಹೆಂಗಸರು ಮೂಗು ಒರೆಸಿಕೊಂಡರು.

ಆಗ ಎದ್ದ ನೋಡಿ ಹೇಜನ್. ಗಂಟಲು ಸರಿಮಾಡಿಕೊಂಡು, ಹೊಸ ಪರೀಕ್ಷಕರನ್ನು ಹುಡುಕುವ ಅಗತ್ಯವೇ ಇಲ್ಲ ಎಂದ.

"ಎಂಟು ಸಲ ಗೆದ್ದವನು ನಾನು. ಗೆದ್ದ ಮೇಲೆ, ತಡೀರಿ, ಇನ್ನೊಂದ್ಸಲ ನೋಡಿ ಅಂತ ನಾನು ಒಂದು ಸಲಾನೂ ಅಂದಿಲ್ಲ. ನನ್ನಿಂದ ಅದು ಆಗ್ತಾನೂ ಇರಲಿಲ್ಲ. ಇವತ್ತು ಈ ಹೆಂಗಸು ಅಂದಳು. ಲವೆಟ್ ಜಾಗದಲ್ಲಿ ಕೂರೋಕೆ ಈ ಊರಲ್ಲಿ ಇನ್ಯಾರಿಗೆ ಯೋಗ್ಯತೆ ಇದೆ, ಹೇಳಿ?"

ಚಪ್ಪಾಳೆ ಶುರುವಾಯಿತು. ಆಮೇಲೆ ಮೇಜು ಬಡಿದರು, ಆಮೇಲೆ ಒಬ್ಬೊಬ್ಬರಾಗಿ ಎದ್ದು ನಿಂತರು. ನನ್ನ ಬಸ್ಸಿನಲ್ಲಿ ಕೂತು ಬೆಳೆದವರು, ಮೊದಲ ಸಲ ನನ್ನನ್ನು ದೊಡ್ಡ ವ್ಯಕ್ತಿಯ ಹಾಗೆ ನೋಡುತ್ತಿದ್ದರು. ಆ ಹೇಜನ್, ಬೇಲಿಯ ಮೇಲೆ ಮೊಣಕೈ ಊರುವ ಹೇಜನ್, ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ. ಜೌಡ್ರಿ ಹೆಸರಿಗೆ ಇಷ್ಟು ದೊಡ್ಡ ಸದ್ದು ಈ ಹಾಲಿನಲ್ಲಿ ಎಂದೂ ಆಗಿರಲಿಲ್ಲ.

ಬೇಡ ಎನ್ನಲು ಎದ್ದೆ. ಎದ್ದದ್ದು ಅದಕ್ಕೇ, ನಂಬಿ. ಲವೆಟ್ ನನ್ನನ್ನು ನೋಡಿ ತಲೆಯನ್ನು ಬಲು ಮೆಲ್ಲಗೆ, ನನಗೊಬ್ಬಳಿಗೇ ಕಾಣುವಷ್ಟು, ಬೇಡ ಎಂದು ಆಡಿಸಿದ. ನಾನೂ ಬೇಡ ಎನ್ನಲು ಬಾಯಿ ತೆರೆದೆ. ಆಗ ಅನ್ನಿಸಿತು, ಬೇಡ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಲವೆಟ್‌ಗೇ ತೊಂದರೆ. ಅಲ್ಲದೆ ತೂತು ಮುಚ್ಚುವ ಬಗೆಯೆಲ್ಲ ಗೊತ್ತಿರುವವಳಿಗಿಂತ ಚೆನ್ನಾಗಿ ತೂತು ಹುಡುಕುವವರು ಯಾರಿದ್ದಾರೆ? ಇದು ಊರಿಗೆ ಮಾಡುವ ಸೇವೆ. ಒಂದೇ ವರ್ಷ, ಇನ್ನೊಬ್ಬರು ಸಿಗುವವರೆಗೆ. ಈ ಸಲ ಒಂದು ಲೋಟ ಚಹಾ ಕೂಡ ಬೇಕಾಗಲಿಲ್ಲ.

"ಎಲ್ರೂ ಇಷ್ಟು ಹೇಳ್ತಿದೀರಿ ಅಂದ್ಮೇಲೆ," ಎಂದೆ, "ಇಲ್ಲ ಅನ್ನೋಕೆ ನಾನ್ಯಾರು?"

ಲವೆಟ್ ಎದ್ದ. ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟು ತೆಗೆದುಕೊಂಡ. ಬೀನ್ಸು ತಟ್ಟೆಯಲ್ಲಿ ಹಾಗೇ ಇತ್ತು. ಎದ್ದು ನಿಂತ ಜನರ ನಡುವೆ ದಾರಿ ಮಾಡಿಕೊಂಡು, ಬಲಗಾಲು ಎಳೆಯುತ್ತ ಬಾಗಿಲಿನವರೆಗೆ ಹೋದ. ಬಾಗಿಲು ಎಳೆದುಕೊಂಡ. ನನಗೆ ಬಹಳ ಸಂಕಟವಾಯಿತು. ಓಡಿಹೋಗಿ ಅವನ ತೋಳು ಹಿಡಿಯಬೇಕು ಎನ್ನಿಸಿತು. ಹೋಗುತ್ತಿದ್ದೆ ಕೂಡ. ಆದರೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.